ಅತ್ತೆಯ ಹೊಲಕ್ಕೆ ಕೆರೆಗೋಡು

ಎತ್ತುಗಳು ನಮ್ಮವೇ ಎಂದು ಇಷ್ಟು ವರ್ಷ ನಂಬಿಕೊಂಡಿದ್ದೆ, ಈಗ ಅದೂ ಅನುಮಾನ. ಅಣ್ಣ ಹೇಳುವ ಪ್ರಕಾರ ಆ ಬೇಸಿಗೆಗೆ ಮೊದಲೇ ಅಪ್ಪ ನಮ್ಮ ಎತ್ತುಗಳನ್ನು ಮಾರಿಬಿಟ್ಟಿದ್ದ. ಹಾಗಿದ್ದರೆ ಕೆರೆಯಿಂದ ಅತ್ತೆಯ ಹೊಲಕ್ಕೆ ಮಣ್ಣು ತುಂಬಿಕೊಂಡು ನಾನು ಹೊಡೆದ ಬಂಡಿಗೆ ಹೂಡಿದ್ದು ಯಾರ ಎತ್ತು? ನನ್ನ ಕಣ್ಣಿಗೆ ಒಂದು ಕೆಂದೆತ್ತು, ಒಂದು ಬಿಳಿಯದು ಕಾಣುತ್ತವೆ. ಕೆಂದೆತ್ತಿನ ಎಡಗೋಡಿನ ತುದಿ ಮುರಿದಿದೆ. ಆದರೆ ಕೋಡು ಮುರಿದ ಎತ್ತು ನಮ್ಮ ಮನೆಯಲ್ಲಿ ಇದ್ದದ್ದು ನಾನು ಸಣ್ಣವನಿದ್ದಾಗ. ಅದು ಅಷ್ಟು ಕಾಲ ಬದುಕಿರಲಾರದು. ಅಂದರೆ ನೆನಪು ತನಗೆ ಬೇಕಾದ ಎತ್ತನ್ನು ಎಲ್ಲಿಂದಲೋ ಹಿಡಿದುತಂದು ನೊಗಕ್ಕೆ ಕಟ್ಟಿದೆ.

ಯಾವ ವರ್ಷ ಎಂಬುದೂ ಹೀಗೇ. ಹರಪನಹಳ್ಳಿ ತಾಲೂಕನ್ನು ಬಳ್ಳಾರಿ ಜಿಲ್ಲೆಯಿಂದ ಬಿಡಿಸಿ ದಾವಣಗೆರೆಗೆ ಸೇರಿಸಿದ ಆಸುಪಾಸು ಎನ್ನುತ್ತೇನೆ ನಾನು. ಅಲ್ಲ, ಅದಕ್ಕೂ ಮುಂಚೆ ಎನ್ನುತ್ತಾಳೆ ಅವ್ವ. ನಾನು ಡಿಗ್ರಿ ಮುಗಿಸಿ, ಮುಂದೇನು ಎಂದು ಗೊತ್ತಿಲ್ಲದೆ ಊರಲ್ಲಿದ್ದೆ. ಇಷ್ಟು ಮಾತ್ರ ಗಟ್ಟಿ. ಕೊಟ್ಟೂರಿನಿಂದ ಹರಪನಹಳ್ಳಿಗೆ ಹೋಗುವ ರಸ್ತೆ ಬಿಟ್ಟು ಒಳಗೆ ನಡೆದರೆ ನಮ್ಮೂರು. ಒಂದು ಕಡೆ ಗುಡ್ಡ, ಇನ್ನೊಂದು ಕಡೆ ಕೆರೆ, ನಡುವೆ ಕೆಂಪು ಮಸಾರಿ ಹೊಲಗಳು.

ಅತ್ತೆ ಅಂದರೆ ಅಪ್ಪನ ಅಕ್ಕ. ಆಕೆಯನ್ನು ಕೊಟ್ಟದ್ದು ಹಡಗಲಿ ತಾಲೂಕಿನಲ್ಲಿ, ಮೈಲಾರದ ಕಡೆ ಹೊಳೆದಂಡೆಯ ಊರಿಗೆ. ಅಲ್ಲಿಯದು ಎರೆಭೂಮಿ. ಕಪ್ಪು ಮಣ್ಣು, ಒಂದು ಸಲ ನೀರು ಕುಡಿದರೆ ತಿಂಗಳುಗಟ್ಟಲೆ ಹೊಟ್ಟೆಯಲ್ಲಿ ಇಟ್ಟುಕೊಳ್ಳುವ ಮಣ್ಣು. ಮಕ್ಕಳಾಗಲಿಲ್ಲ. ಗಂಡ ತೀರಿಕೊಂಡ ಮೇಲೆ ಒಂದು ರೊಟ್ಟಿಹಂಚು ಹಿಡಿದುಕೊಂಡು ಬಸ್ಸಿಳಿದು ನಮ್ಮ ಮನೆಗೆ ಬಂದಳು. ಬಂದವಳು ಒಳಗಿನ ಅಡುಗೆಮನೆಗೆ ಹೋಗಲಿಲ್ಲ. ದನದ ಮೇವು, ಹೊಟ್ಟು ತುಂಬುತ್ತಿದ್ದ ಹೊರಗಿನ ಕೋಣೆಯನ್ನು ಸಾರಿಸಿ, ಮಣ್ಣಿನ ಒಲೆ ಹಾಕಿ, ಹಂಚು ಇಟ್ಟಳು. ಅಪ್ಪನನ್ನು ಕರೆದು ತನಗೆ ಉಳಲಿಕ್ಕೆ ಒಂದಿಷ್ಟು ಹೊಲ ಕೇಳಿದಳು. ಅಪ್ಪ ಗುಡ್ಡದ ಬುಡದ ಎರಡು ಎಕರೆ ತೋರಿಸಿದ. ಅದು ನಮ್ಮ ಹೊಲಗಳಲ್ಲೇ ತೆಳುವಾದದ್ದು. ತೆಳುವಾದದ್ದನ್ನೇ ಯಾಕೆ ಕೊಟ್ಟ ಎಂದು ಮುಂದೊಮ್ಮೆ ಕೇಳಿದಾಗ ಅಪ್ಪ, ಬ್ಯಾಸರಾಗಿ ತಾನಾ ಬಿಟ್ಟು ಒಳಗ ಬರ್ತಾಳಂತ ಮಾಡಿದ್ದೆ, ಎಂದ.

ಅತ್ತೆಗೆ ಬೇಸರವೇನೋ ಆಯಿತು, ಆದರೆ ಮಣ್ಣಿನ ಮೇಲೆ.

"ಇದೇನ್ ಮಣ್ಣಲೇ ತಮ್ಮಾ? ಹುರದ ರವಾ ಇದ್ದಂಗೈತಿ. ಮುಂಜಾಲಿ ಬಿದ್ದ ಮಳಿ ಎಲ್ಲೈತಿ ಅಂತ ಮಧ್ಯಾಹ್ನ ಕೇಳಿದ್ರ, ಯಾವ ಮಳಿ ಅಂತತಿ."

"ಹಂಗಾರ ನಿಮ್ಮೂರ ಎರಿ ಮಣ್ಣು ಹೊತಗಂಡು ಬರ್ಬೇಕಿತ್ತು ಬಿಡು" ಎಂದ ಅಪ್ಪ.

"ಹೊತಗಂಡಾ ಬರ್ತೀನಿ. ನೋಡ್ತಿರು."

ಎರಡೋ ಮೂರೋ ಹಂಗಾಮು ಆಕೆ ಆ ಹೊಲದಲ್ಲಿ ಏಗಿದಳು. ಬಿತ್ತಿದ ಶೇಂಗಾ ಹೂಬಿಡುವ ಹೊತ್ತಿಗೆ ಮಳೆ ನಿಂತುಬಿಡುತ್ತಿತ್ತು. ಮಳೆ ನಿಲ್ಲುವುದು ನಮ್ಮ ಕಡೆ ಹೊಸದಲ್ಲ. ಆದರೆ ನಿಂತ ಮಳೆಗೂ ಮುಂದಿನ ಮಳೆಗೂ ನಡುವಿನ ಬಿಸಿಲು ಉದ್ದವಾಗುತ್ತಿದೆ ಎಂದು ಆಗ ಎಲ್ಲರೂ ಆಡಿಕೊಳ್ಳುತ್ತಿದ್ದರು. ಆ ತೆಳು ಮಣ್ಣಿಗೆ ಅಷ್ಟು ದಿನ ತಡೆಯುವ ಶಕ್ತಿ ಇರಲಿಲ್ಲ. ಗಿಡ ಮಧ್ಯಾಹ್ನ ಬಾಡಿ ಸಂಜೆ ಏಳುವುದನ್ನೂ ಬಿಟ್ಟುಬಿಡುತ್ತಿತ್ತು. ಅತ್ತೆ ತನ್ನ ಒಲೆ ಉರಿಸಲಿಕ್ಕೆ ಅವರಿವರ ಹೊಲದಲ್ಲಿ ಕೂಲಿ ಮಾಡಬೇಕಾಯಿತು.

ಇದು ಅಪ್ಪನಿಗೆ ನುಂಗಲಾರದ ತುತ್ತಾಯಿತು. ಒಡಹುಟ್ಟಿದ ಅಕ್ಕ ಒಂದೇ ಮನೆಯಲ್ಲಿ ಬೇರೆ ಒಲೆ ಹೂಡಿದ್ದಾಳೆ, ಊರವರ ಹೊಲದಲ್ಲಿ ಕೂಲಿಗೆ ಹೋಗುತ್ತಾಳೆ. ಕಟ್ಟೆಯ ಮೇಲೆ ಕೂತವರು ನೇರವಾಗಿ ಏನೂ ಅನ್ನುತ್ತಿರಲಿಲ್ಲ. "ನಿಮ್ಮಕ್ಕ ಬಾಳ ಗಟ್ಟಿಗಿತ್ತಿ ಬಿಡು" ಅನ್ನುತ್ತಿದ್ದರು, ಅಷ್ಟು ಸಾಕಾಗುತ್ತಿತ್ತು. ಆಗ ಟ್ರ್ಯಾಕ್ಟರು ಇದ್ದ ಒಬ್ಬಾತ ಗುಡ್ಡದ ಬುಡದ ಹೊಲಗಳನ್ನೆಲ್ಲ ಲಾವಣಿಗೆ, ಅಂದರೆ ವರ್ಷದ ಗುತ್ತಿಗೆಗೆ, ಹಿಡಿದು ಮೆಕ್ಕೆಜೋಳ ಹಾಕುತ್ತಿದ್ದ. ಅತ್ತೆಯ ಎರಡು ಎಕರೆಯನ್ನೂ ಅವನಿಗೆ ಕೊಟ್ಟು, ಆಕೆ ಒಳಗೆ ಬಂದು ನಮ್ಮ ಜೊತೆ ಉಣ್ಣಲಿ ಎಂದು ಅಪ್ಪ ಹಟ ಹಿಡಿದ. ಅವರಿಬ್ಬರೂ ಅಂಗಳದಲ್ಲಿ ವಾದ ಮಾಡಿದ್ದು ನೆನಪಿದೆ. ಅಥವಾ ಅವ್ವ ಆಮೇಲೆ ಹೇಳಿ ಹೇಳಿ ನೆನಪಾಗಿದೆ.

"ಇದೊಂದು ಹಂಗಾಮು ಬಿಡು ತಮ್ಮಾ. ಈ ಸಲ ಹೊಲ ನನ್ನ ಹೊಟ್ಟಿಗಾಗೋವಷ್ಟು ಕೊಡ್ಲಿಲ್ಲಂದ್ರ, ನಾನಾ ನನ್ನ ಕೈಯಾರೆ ಒಲಿ ಕಿತ್ತು ನಿಮ್ಮ ಪಂಕ್ತಿಗೆ ಬಂದು ಕುಂದರ್ತೀನಿ."

"ಬಾಯಿ ಮಾತಲ್ಲ ಇದು?"

"ಒಲಿ ಮುಟ್ಟಿ ಹೇಳಲೇನು?"

ಅಲ್ಲಿಗೆ ಮಾತು ಮುಗಿಯಿತು. ಆಕೆಯ ಒಲೆ ಉಳಿಯುವುದು ಒಂದು ಬೆಳೆಯ ಮೇಲೆ ನಿಂತಿತು.

ಮರುದಿನವೋ ಮರುವಾರವೋ, ಅತ್ತೆ ನನ್ನನ್ನು ಕರೆದಳು. "ಅಳ್ಯಾ, ಬಂಡಿ ಹೂಡು. ಗೋಡು ಹೊಡೆಯೋಣು."

ಗೋಡು ಎಂದರೆ ಕೆರೆಯ ತಳದಲ್ಲಿ ಕೂತ ಕಪ್ಪು ಮಣ್ಣು. ಬೇಸಿಗೆಯಲ್ಲಿ ಕೆರೆ ಬತ್ತಿದಾಗ ಅದನ್ನು ಅಗೆದು, ಬಂಡಿಯಲ್ಲಿ ತುಂಬಿ, ಮಸಾರಿ ಹೊಲದಲ್ಲಿ ಗುಪ್ಪೆಗುಪ್ಪೆಯಾಗಿ ಸುರಿದು, ಮೊದಲ ಮಳೆ ಬಿದ್ದ ಮೇಲೆ ಹರಡುವುದು ನಮ್ಮ ಕಡೆಯ ಹಳೆಯ ಕೆಲಸ. ಕೆಂಪು ಮಣ್ಣಿಗೆ ಅಷ್ಟು ಕಪ್ಪು ಸೇರಿದರೆ ಹಸಿ ನಿಲ್ಲುತ್ತದೆ. ಕೆರೆಯ ಹೂಳೂ ಹೋಗುತ್ತದೆ. ನಾನು ಸಣ್ಣವನಿದ್ದಾಗ ಯುಗಾದಿ ಸುತ್ತಮುತ್ತ ಕೆರೆಯಂಗಳದ ತುಂಬ ಬಂಡಿಗಳಿರುತ್ತಿದ್ದವು. ಆಮೇಲೆ ಊರಲ್ಲಿ ಎತ್ತುಗಳು ಕಡಿಮೆಯಾದವು, ಸರಕಾರಿ ಗೊಬ್ಬರದ ಚೀಲ ಬಂದವು, ಗೋಡು ಹೊಡೆಯುವುದನ್ನು ಎಲ್ಲರೂ ಮರೆತರು. ಯಾರೂ ನಿಲ್ಲಿಸಲಿಲ್ಲ, ಒಂದು ವರ್ಷ ಮಾಡಲಿಲ್ಲ, ಮರುವರ್ಷವೂ ಮಾಡಲಿಲ್ಲ, ಅಷ್ಟೇ.

ಹೀಗಾಗಿ ನಾವಿಬ್ಬರೂ ಬಂಡಿ ಹೊಡೆದುಕೊಂಡು ಹೋದಾಗ ಕೆರೆ ನನಗೆ ಗೊತ್ತಿದ್ದ ಕೆರೆಯಾಗಿರಲಿಲ್ಲ. ತುಂಬ ಬಳ್ಳಾರಿ ಜಾಲಿ. ಏರಿಯಿಂದ ಹಿಡಿದು ಹಳ್ಳ ಸೇರುವ ಬಾಯಿಯವರೆಗೆ ಮುಳ್ಳುಪೊದೆ ಹಬ್ಬಿತ್ತು. ಅದರ ನೆರಳಲ್ಲಿ ಕುರಿಗಳು ಒತ್ತೊತ್ತಾಗಿ ಮಲಗಿದ್ದವು.

ಕುರಿಗಳು ಅಲ್ಲಿ ಯಾಕಿದ್ದವು ಎಂಬುದಕ್ಕೆ ಈಗ ನನ್ನ ಹತ್ತಿರ ಚೆಂದದ ಒಂದು ಉತ್ತರ ಇದೆ. ಗುಡ್ಡದ ಬುಡದ ಹುಲ್ಲುಗಾವಲು ಊರಿನದಾಗಿತ್ತು, ಯಾರದೂ ಆಗಿರಲಿಲ್ಲ. ಅದು ಪಟ್ಟಿಪಟ್ಟಿಯಾಗಿ ಉಳುಮೆಗೆ ಬಿತ್ತು. ಮೊದಲು ಶೇಂಗಾ, ಆಮೇಲೆ ಮೆಕ್ಕೆಜೋಳ. ಹುಲ್ಲಿನ ಬೇರು ಬಿಟ್ಟುಕೊಟ್ಟ ಮಣ್ಣು ದೊಡ್ಡ ಮಳೆಗೆ ಹರಿದು ಕೆರೆ ಸೇರಿತು. ತಳ ಮೇಲೆದ್ದ ಕೆರೆಯಲ್ಲಿ ನೀರು ತೆಳ್ಳಗೆ ಹರಡಿ, ಬಿಸಿಲಿಗೆ ಬೇಗ ಆರತೊಡಗಿತು. ಆರಿದ ತಳದಲ್ಲಿ ಜಾಲಿ ಬಂತು. ಮೇವು ಕಳೆದುಕೊಂಡ ಕುರಿ ಜಾಲಿಯ ಕಾಯಿ ತಿನ್ನಲು, ಅದರ ನೆರಳಿಗೆ ಬೀಳಲು ಕೆರೆಗೆ ಬಂತು. ಹೀಗೆ ಬರೆದಾಗ ಒಂದೊಂದೂ ಮುಂದಿನದಕ್ಕೆ ಕೊಂಡಿ ಹಾಕಿಕೊಳ್ಳುತ್ತದೆ. ಇಷ್ಟು ಸರಾಗವಾಗಿ ಕೂಡುವ ಮಾತನ್ನು ನಾನು ನಂಬುವುದಿಲ್ಲ. ಈ ಸರಪಳಿ ನನ್ನ ತಲೆಯಲ್ಲಿ ಕೂಡಿದ್ದು ಎಷ್ಟೋ ವರ್ಷಗಳ ಮೇಲೆ. ಆ ಹೊತ್ತು ನಾನು ಕಂಡದ್ದು ಇಷ್ಟೇ: ಬಿಸಿಲು ಕಾಯುತ್ತಿತ್ತು, ಕುರಿ ಮಲಗಿದ್ದವು, ಅತ್ತೆ ಗುದ್ದಲಿ ಹಿಡಿದು ನಿಂತಿದ್ದಳು.

ಎಲ್ಲಿ ಅಗೆಯುವುದು ಎಂದು ಆಕೆ ಕೆರೆಯಂಗಳ ತುಂಬ ಓಡಾಡಿದಳು. ನಡುವೆ ಬಯಲಲ್ಲಿ ಬಿರುಕು ಬಿಟ್ಟ ಗಟ್ಟಿ ಗೋಡು ಇತ್ತು. ಅದನ್ನು ಗುದ್ದಲಿಯಲ್ಲಿ ಕೆದರಿ ನೋಡಿ, ತಲೆ ಅಲ್ಲಾಡಿಸಿ, ಸೀದಾ ಜಾಲಿಯ ನೆರಳಿಗೆ ಹೋದಳು. ಅಲ್ಲಿ ಮಣ್ಣು ಕಾಡಿಗೆಯಷ್ಟು ಕಪ್ಪು, ಹಿಡಿದರೆ ಪುಡಿಪುಡಿ. ವರ್ಷಗಟ್ಟಲೆ ಬಿದ್ದ ಕುರಿಹಿಕ್ಕೆ ಅದರಲ್ಲಿ ಬೆರೆತಿತ್ತು. ಅತ್ತೆಯ ಮುಖ ಅರಳಿತು.

ಕುರಿ ಕಾಯುವಾತ, ಅತ್ತೆಯ ವಾರಿಗೆಯವನೇ, ಕಂಬಳಿ ತಲೆಗಿಟ್ಟುಕೊಂಡು ಅಡ್ಡಾಗಿದ್ದವನು ಎದ್ದು ಕೂತ.

"ಯಕ್ಕಾ, ಅಲ್ಲಿ ಅಗೀಬ್ಯಾಡಬೇ. ಅದು ನಮ್ಮ ಕುರಿ ಹಾಸಿಗಿ."

"ಹಾಸಿಗ್ಯಾಗ ನಿಮ್ಮ ಕುರಿ ಏನೇನ್ ಮಾಡ್ಯಾವೋ ಅದಾ ಬೇಕು ನನಗ."

"ಹಂಗಾರ ಅವುನ್ನೂ ಒಂದು ಮಾತು ಕೇಳು. ನಾನೇನು ಕಾಯೋನು, ಮಾಲಕರು ಅವು."

"ನಿನಗಿಂತ ಅವಕ್ಕಾ ಬುದ್ಧಿ ಜಾಸ್ತಿ ಐತಿ, ಎದ್ದು ಹೊಂಟಾವ ನೋಡು. ಏಳಣ್ಣಾ, ನೀನೂ ಒಂದ್ ಪುಟ್ಟಿ ತುಂಬು."

ಆತ ಬೈದುಕೊಳ್ಳುತ್ತಲೇ ಎದ್ದು ಬಂದು ಬುಟ್ಟಿ ತುಂಬಿದ. ಆ ಬೇಸಿಗೆಯೆಲ್ಲ ಹಾಗೇ ನಡೆಯಿತು. ಹೊತ್ತು ಹುಟ್ಟುವ ಮುಂಚೆ ಬಂಡಿ ಹೂಡುವುದು, ಬಿಸಿಲೇರುವ ತನಕ ಹೊಡೆಯುವುದು. ಅಂಗೈ ಬೊಬ್ಬೆ ಎದ್ದು ಒಡೆದು ಗಟ್ಟಿಯಾದವು. ಬಂಡಿ ಗುಡ್ಡದ ಕಡೆ ಏರುವಾಗ ಅತ್ತೆ ಹಿಂದಿನಿಂದ ಗಾಲಿಗೆ ಕೈಕೊಟ್ಟು, ಎತ್ತುಗಳಿಗೆ ಒಂದಿಷ್ಟು, ನನಗೆ ಒಂದಿಷ್ಟು ಹುರಿದುಂಬಿಸುವ ಮಾತು ಹೇಳುತ್ತಿದ್ದಳು. ಎತ್ತಿಗೆ ಹೇಳಿದ್ದೇ ಜಾಸ್ತಿ ಮೆತ್ತಗಿರುತ್ತಿತ್ತು. ಅರ್ಧ ಹೊಲಕ್ಕೆ ಮಣ್ಣು ಬೀಳುವಷ್ಟರಲ್ಲಿ ಮೋಡ ಕಟ್ಟಿತು. ಉಳಿದರ್ಧ ಹಾಗೇ ಉಳಿಯಿತು.

ರೋಹಿಣಿ ಮಳೆ ಬಂತು. ಗುಪ್ಪೆಗಳನ್ನು ಹರಡಿ ಕುಂಟೆ ಹೊಡೆದೆವು. ಕೆಂಪು ಹೊಲದ ಮೇಲ್ಭಾಗ ಕಪ್ಪಾಯಿತು. ಅತ್ತೆ ಬದುವಿನ ಮೇಲೆ ನಿಂತು ತುಂಬ ಹೊತ್ತು ನೋಡಿದಳು. "ನಿಮ್ಮಪ್ಪಗ ಹೇಳು, ಎರಿ ಹೊಲ ಹೊತಗಂಡು ಬಂದಾಳಂತ" ಎಂದಳು.

ಮತ್ತೊಂದು ಮಳೆಯಾಯಿತು. ಬಿತ್ತನೆಗೆ ಹದ ನೋಡಲು ನಾವು ಹೊಲಕ್ಕೆ ಹೋದಾಗ ದೂರದಿಂದಲೇ ಹಸಿರು ಕಂಡಿತು. ತೆಳುವಾದ, ಮೃದುವಾದ ಹಸಿರು, ಗೋಡು ಹಾಕಿದಷ್ಟೂ ಜಾಗಕ್ಕೆ ಹಾಸಿದ ಹಾಗೆ. ನಾವಿನ್ನೂ ಒಂದು ಕಾಳೂ ಬಿತ್ತಿರಲಿಲ್ಲ.

"ಬಿತ್ತದಾ ಬೆಳಿ ಬಂತಲ್ಲೋ!" ಎಂದು ನಗುತ್ತಲೇ ಹೋದ ಅತ್ತೆ ಬಗ್ಗಿ ಒಂದು ಸಸಿ ಕಿತ್ತು ಅಂಗೈ ಮೇಲಿಟ್ಟು ನೋಡಿದಳು. ಎರಡು ದಪ್ಪ ಬೀಜದೆಲೆ, ನಡುವೆ ಗರಿಯಂಥ ಒಂದು ಎಲೆ. ಜಾಲಿ. ಕಿರುಬೆರಳಷ್ಟು ಎತ್ತರದ ಸಸಿಗೆ ಗೇಣುದ್ದದ ಬೇರು.

ಕುರಿ ಜಾಲಿಕಾಯಿ ತಿಂದಿದ್ದವು, ಬೀಜ ಹಿಕ್ಕೆಯಲ್ಲಿ ಇಡಿಯಾಗಿ ಬಂದಿತ್ತು, ಹಿಕ್ಕೆ ಗೋಡಿನಲ್ಲಿತ್ತು, ಗೋಡನ್ನು ನಾವು ಬಂಡಿಗಟ್ಟಲೆ ಹೊತ್ತು ತಂದು ಹರವಿದ್ದೆವು. ಬಂಡಿ ಹೋಗುವುದನ್ನು ಊರಲ್ಲಿ ಅಷ್ಟು ಜನ ನೋಡಿದ್ದರು, ಒಬ್ಬರಿಗೂ ಹೊಳೆದಿರಲಿಲ್ಲ. ಹೊಳೆಯುವುದಾದರೂ ಹೇಗೆ? ಹಿಂದೆ ಊರವರು ಗೋಡು ಹೊಡೆಯುತ್ತಿದ್ದಾಗ ಕೆರೆಯಲ್ಲಿ ಜಾಲಿಯೇ ಇರಲಿಲ್ಲ. ಕೆಲಸ ಹಳೆಯದು, ಕೆರೆ ಹೊಸದು. ಕುರಿಯವನು ಬಂದು ನೋಡಿ ಬಾಯಿ ಮೇಲೆ ಕೈಯಿಟ್ಟುಕೊಂಡ.

"ನಾ ಅಂದಿದ್ನೆಲ್ಲ ಯಕ್ಕಾ, ಅಲ್ಲಿ ಅಗೀಬ್ಯಾಡ ಅಂತ."

"ನೀ ಹಾಸಿಗಿ ಅಂದಿ, ಬಿತ್ತನಿ ಬೀಜದ ಚೀಲ ಅನ್ಲಿಲ್ಲ" ಎಂದಳು ಅತ್ತೆ. "ಹೋಗ್ಲಿ, ಈಗ ಕುರಿ ಹೊಡಿ ಹೊಲಕ್ಕ, ತಾವು ಬಿತ್ತಿದ್ದು ತಾವಾ ಮೇಯ್ಲಿ."

"ಕಾಯಿ ಅಷ್ಟಾ ತಿಂತಾವ, ಎಲಿ ಮೂಸಂಗಿಲ್ಲ. ಹಂಗಾ ತಿನ್ನಂಗಿದ್ರ ಈ ಸೀಮ್ಯಾಗ ಜಾಲಿ ಎಲ್ಲಿ ಉಳೀತಿತ್ತು?"

ಕುಂಟೆ ಹೊಡೆದರೆ ತಲೆ ಮಾತ್ರ ಕತ್ತರಿಸುತ್ತದೆ. ಬುಡದಿಂದ ಮತ್ತೆ ಒಡೆದು, ಈ ಸಲ ಮುಳ್ಳು ಹೊತ್ತು ಬರುತ್ತದೆ. ಬೇರುಸಮೇತ ಕೈಯಲ್ಲೇ ಕೀಳಬೇಕು, ಅದೂ ನೆಲ ಹಸಿಯಿದ್ದಾಗ. ಮಸಾರಿಯಲ್ಲಿ ಹಸಿ ಎಷ್ಟು ದಿನ ಇದ್ದೀತು? ಅಷ್ಟರೊಳಗೆ ಕೀಳದಿದ್ದರೆ ಬಿತ್ತನೆ ಇಲ್ಲ. ಬಿತ್ತನೆ ಇಲ್ಲದಿದ್ದರೆ ಒಲೆ ಇಲ್ಲ.

ಅಪ್ಪ ಬದುವಿನ ಮೇಲೆ ಬಂದು ನಿಂತ. ಅವನು ಗೆದ್ದಿದ್ದ. ಆದರೆ ಗೆದ್ದವನ ಹಾಗೆ ಕಾಣಲಿಲ್ಲ ಎಂದು ಬರೆಯಲು ಮನಸ್ಸು ಎಳೆಯುತ್ತಿದೆ. ನಿಜಕ್ಕೂ ಅವನ ಮುಖ ಹೇಗಿತ್ತೋ ನನಗೆ ನೆನಪಿಲ್ಲ. ಬಂದ ದಾರಿಯಲ್ಲೇ ತಿರುಗಿ ಹೋದದ್ದು ನೆನಪಿದೆ. ಅತ್ತೆ ಸೀರೆ ಎತ್ತಿ ಕಟ್ಟಿ ಹೊಲದ ಒಂದು ಮೂಲೆಯಲ್ಲಿ ಕೂತು ಕೀಳತೊಡಗಿದಳು. ನಾನು ಇನ್ನೊಂದು ಮೂಲೆಯಲ್ಲಿ ಕೂತೆ. ಇಬ್ಬರು ಕೂತು ಕೀಳುವ ಕೆಲಸ ಅದಾಗಿರಲಿಲ್ಲ ಎಂದು ಇಬ್ಬರಿಗೂ ಗೊತ್ತಿತ್ತು.

ಮರುದಿನ ಬೆಳಿಗ್ಗೆ ಮೊದಲು ಬಂದವಳು ಅವ್ವ. ಮನೆಯ ಕೆಲಸ ಬಿಟ್ಟು ಹೊಲಕ್ಕೆ ಬರುವವಳೇ ಅಲ್ಲ. ಹಿಂದೆ ಓಣಿಯ ಹೆಂಗಸರು. ಅದು ಊರಿಗೆಲ್ಲ ಬಿತ್ತನೆಯ ಕಾಲ, ಒಂದು ಆಳು ಸಿಗುವುದು ಕಷ್ಟ. ಆದರೂ ಬಂದರು, ಸಾಲು ಹಿಡಿದು ಕೂತರು.

"ನೀನ್ಯಾಕ ಬಂದೀಯೇ?" ಎಂದಳು ಅತ್ತೆ.

ಅವ್ವ ಸೆರಗು ಸಿಕ್ಕಿಸುತ್ತ ಹೇಳಿದಳು, "ಯಕ್ಕಾ, ಸುಳ್ಳ್ಯಾಕ ಹೇಳ್ಲಿ. ನೀ ನನ್ನ ಅಡಿಗಿ ಮನಿಗೆ ಬಂದ್ರ ಉಪ್ಪು ಹೆಚ್ಚಾತು, ಖಾರ ಕಡಿಮ್ಯಾತು ಅಂತ ಸಾಯೋ ತನಕ ಕೇಳ್ಬೇಕು ನಾನು. ಅದಕ್ಕಿಂತ ಜಾಲಿ ಕೀಳೋದು ಹಗುರ."

ಇಡೀ ಸಾಲು ಗೊಳ್ಳೆಂದಿತು. ಅತ್ತೆಯೂ ನಕ್ಕಳು, ಕಣ್ಣು ಒರೆಸಿಕೊಳ್ಳುವಷ್ಟು ನಕ್ಕಳು.

"ಉಪ್ಪು ನೀ ಖರೇನ ಹೆಚ್ಚಿಗಿ ಹಾಕ್ತೀಯವ್ವ."

"ನೋಡ್ರೇ! ಇನ್ನೂ ಹೊಸ್ತಿಲಾ ದಾಟಿಲ್ಲ ಈಕಿ!"

ಆಚೆ ಸಾಲಿನಿಂದ ಒಬ್ಬಳು ನನ್ನ ಕಡೆ ಕೈ ತೋರಿಸಿದಳು. "ಡಿಗ್ರಿ ಮುಗಿಸಿ ಬಂದಾನ, ಎಂಥಾ ನೌಕರಿ ಸಿಕ್ಕತಿ ನೋಡ್ರಿ, ಜಾಲಿ ಕೀಳೋ ಸಾಹೇಬ."

"ಪರ್ಮನೆಂಟ್ ಐತಿ ಬಿಡು" ಎಂದಳು ಇನ್ನೊಬ್ಬಳು. "ಜಾಲಿ ಯಾವತ್ತೂ ಮುಗ್ಯಂಗಿಲ್ಲ."

ಮಧ್ಯಾಹ್ನದ ಹೊತ್ತಿಗೆ ಅಪ್ಪ ಎರಡು ಕೊಡ ನೀರು ತಂದು ಬದುವಿನ ಬೇವಿನ ಮರದ ಕೆಳಗಿಟ್ಟ. ಅಕ್ಕನ ಕಡೆ ನೋಡಲಿಲ್ಲ. ಒಂದು ತಂಬಿಗೆ ಇಡಲು ಮರೆತಿದ್ದ, ಅದಕ್ಕೂ ಹೆಂಗಸರ ಬಾಯಿಗೆ ಬಿದ್ದ. ತರಲು ಹೋದವನು ತಂಬಿಗೆ ಕೊಟ್ಟು ತಾನೂ ಒಂದು ಸಾಲು ಹಿಡಿದು ಕೂತ. ಅಣ್ಣನ ಪ್ರಕಾರ ಅಪ್ಪ ಕೂರಲಿಲ್ಲ, ನೀರಿಟ್ಟು ಹೋದ. ಅವ್ವನ ಪ್ರಕಾರ ಅಣ್ಣ ಅವತ್ತು ಊರಲ್ಲೇ ಇರಲಿಲ್ಲ. ನಾನು ಅಪ್ಪನನ್ನು ಕೂರಿಸಿಯೇ ಬರೆಯುತ್ತಿದ್ದೇನೆ. ತಪ್ಪಿದ್ದರೆ ಇರಲಿ.

ಹಸಿ ಆರುವ ಮೊದಲು ಹೊಲ ಬಿತ್ತನೆಗೆ ಬಂತು. ಕಿತ್ತ ಸಸಿಗಳ ರಾಶಿ ಬದುವಿನ ಮೇಲೆ ಒಣಗುತ್ತಿತ್ತು. ಶೇಂಗಾ ಬಿತ್ತಿದೆವು. ನಡುನಡುವೆ ಅಕ್ಕಡಿ ಸಾಲು ಬಿಟ್ಟು, ಅತ್ತೆ ತನ್ನ ಉಡಿಯಿಂದಲೇ ತೊಗರಿ, ಅಲಸಂದೆ ಬಿಟ್ಟಳು. ಗೋಡು ಬೀಳದ ಅರ್ಧಕ್ಕೆ ಹೆಚ್ಚಾಗಿ ಸಜ್ಜೆ ಹಾಕಿದಳು, ಅದು ಏನೂ ಇಲ್ಲದಿದ್ದರೂ ಬರುವ ಬೆಳೆ ಎಂದು. ಸುತ್ತಲೂ ಟ್ರ್ಯಾಕ್ಟರಿನ ಮೆಕ್ಕೆಜೋಳ ಒಂದೇ ಸಮನೆ ಎದ್ದು ನಿಂತಿತು. ಅದರ ನಡುವೆ ಅತ್ತೆಯ ಹೊಲ ತೇಪೆ ಹಾಕಿದ ಕೌದಿಯ ಹಾಗೆ ಕಾಣುತ್ತಿತ್ತು.

ಆಮೇಲೆ ಮಳೆ ಹೋಯಿತು. ಪುಷ್ಯ ಹೋಯಿತು, ಆಶ್ಲೇಷ ಒಣ ಗಾಳಿ ಬೀಸಿಕೊಂಡು ಹೋಯಿತು. ಮೋಡ ಚಿಗಟೇರಿ ಕಡೆಯಿಂದ ಎದ್ದು ನಮ್ಮ ತಲೆಯ ಮೇಲೆ ಹಾದು ಎಲ್ಲೋ ಹೋಗುತ್ತಿತ್ತು. ಮೆಕ್ಕೆಜೋಳದ ಎಲೆ ಸುರುಳಿ ಸುತ್ತಿತು. ಅತ್ತೆ ದಿನಾ ಬೆಳಿಗ್ಗೆ ಹೊಲಕ್ಕೆ ಹೋಗಿ ಶೇಂಗಾದ ಬುಡಕ್ಕೆ ಬೆರಳಿಟ್ಟು ನೋಡುತ್ತಿದ್ದಳು. ಆಕೆ ವಾಪಸು ಬಂದು ಅಂಗಳ ದಾಟುವಾಗ ಅಪ್ಪ ಮಾಡುತ್ತಿದ್ದ ಕೆಲಸ ನಿಲ್ಲುತ್ತಿತ್ತು.

ನನ್ನ ನೆನಪಿನ ಚಿತ್ರದಲ್ಲಿ ಹೊಲದ ನಡುವೆ ಒಂದು ಗೆರೆ ಇದೆ. ಗೆರೆಯ ಈಚೆ, ಗೋಡು ಬಿದ್ದ ಕಡೆ, ಶೇಂಗಾ ಹಸಿರಾಗಿದೆ. ಆಚೆ ಎಲ್ಲ ಹಳದಿ. ಇಷ್ಟು ನೀಟಾದ ಗೆರೆ ಯಾವ ಹೊಲದಲ್ಲೂ ಇರುವುದಿಲ್ಲ. ಗೋಡನ್ನು ನಾವು ಹರಡಿದ್ದೇ ಒರಟಾಗಿ, ಒಂದು ಕಡೆ ದಪ್ಪ, ಒಂದು ಕಡೆ ತೆಳು. ಇದ್ದದ್ದು ಬಹುಶಃ ಇಷ್ಟು: ಒಂದಷ್ಟು ಕಡೆ ಗಿಡಗಳು ಮಧ್ಯಾಹ್ನ ಬಾಡಿದರೂ ಸಂಜೆಗೆ ತಲೆ ಎತ್ತುತ್ತಿದ್ದವು. ಅದನ್ನು ಅತ್ತೆ ಮೊದಲು ಕುರಿಯವನಿಗೆ ತೋರಿಸಿದಳು. ಆತ ಕೂತು ನೋಡಿ, "ನಮ್ಮ ಕುರಿ ಹಾಸಿಗಿ ಮ್ಯಾಲೆ ಮಲಗ್ಯಾವಲ್ಲ ಗಿಡ, ಅದಕ ಸುಖದಾಗ ಅದಾವ" ಎಂದ.

ಮಘೆಯಲ್ಲಿ ಒಂದು ಮಳೆ ಬಿತ್ತು. ಗುಡ್ಡದ ಬುಡದಲ್ಲಿ ಚೆನ್ನಾಗಿ ಬಿತ್ತು, ಊರಲ್ಲಿ ನೆಲ ನೆನೆಯಲಿಲ್ಲ. ಹಾಗಾಗಿ ಅತ್ತೆಯ ಬೆಳೆ ಉಳಿಸಿದ್ದು ಗೋಡೋ, ಆ ಮಳೆಯೋ ಎಂದು ಈಗಲೂ ನಮ್ಮ ಮನೆಯಲ್ಲಿ ವಾದ ಆಗುತ್ತದೆ. ಗೋಡು ಇಲ್ಲದಿದ್ದರೆ ಮಘೆಯ ತನಕ ಗಿಡ ಇರುತ್ತಿರಲಿಲ್ಲ ಎನ್ನುತ್ತೇನೆ ನಾನು. ಮಘೆ ಇಲ್ಲದಿದ್ದರೆ ನಿನ್ನ ಗೋಡು ಏನು ಮಾಡುತ್ತಿತ್ತು ಎನ್ನುತ್ತಾನೆ ಅಣ್ಣ. ಇಬ್ಬರ ಹತ್ತಿರವೂ ಸಾಕ್ಷಿ ಇಲ್ಲ.

ಬೆಳೆ ಭಾರಿ ಏನೂ ಬರಲಿಲ್ಲ. ಅದನ್ನು ಹೆಚ್ಚಿಸಿ ಹೇಳುವ ಆಸೆಯೂ ನನಗಿಲ್ಲ. ಶೇಂಗಾ ಕಿತ್ತಾಗ ಬುಡದಲ್ಲಿ ಕಾಯಿ ಇದ್ದವು, ಕೆಲವು ಜೊಳ್ಳು. ಸಜ್ಜೆ ಗೇಣುದ್ದದ ತೆನೆ ಬಿಟ್ಟಿತ್ತು. ಅಲಸಂದೆ ಬಂತು, ತೊಗರಿ ಚಳಿಗಾಲಕ್ಕೆ ಹೂವಾಯಿತು. ಒಂದು ಹೊಟ್ಟೆಗೆ, ಒಂದು ಒಲೆಗೆ ಮುಂದಿನ ಮುಂಗಾರಿನ ತನಕ ಸಾಕಾಗುವಷ್ಟು. ಅತ್ತೆ ಬೀಜಕ್ಕೆ ತೆಗೆದಿಟ್ಟು, ಉಳಿದದ್ದನ್ನು ಗಡಿಗೆಗಳಲ್ಲಿ ತುಂಬಿ, ಅವ್ವನನ್ನು ಕರೆದು ತೋರಿಸಿದಳು.

ಆ ದಿನ ಮಧ್ಯಾಹ್ನ ಆಕೆ ಹೊರಗಿನ ಕೋಣೆಯಲ್ಲಿ ಸಜ್ಜೆ ರೊಟ್ಟಿ, ಅಲಸಂದೆ ಪಲ್ಯ, ಚಟ್ನಿಪುಡಿಯಂಥ ಶೇಂಗಾ ಹಿಂಡಿ ಮಾಡಿದಳು. ಅಂಗಳದಲ್ಲಿ ನಿಂತು ಅಪ್ಪನನ್ನು ಕರೆದಳು.

"ತಮ್ಮಾ, ಕೈ ತೊಳಕಂಡು ಬಾ."

ಅಪ್ಪ ಬಾಗಿಲಲ್ಲಿ ಬಗ್ಗಿ ಒಳಗೆ ಬಂದ. ಆ ಕೋಣೆಯ ಬಾಗಿಲು ಗಿಡ್ಡ. ಅಷ್ಟು ವರ್ಷಗಳಲ್ಲಿ ಅವನು ಆಕೆಯ ಒಲೆಯ ಮುಂದೆ ಕೂತದ್ದು ಅದೇ ಮೊದಲು. ನಾವೆಲ್ಲ ಸಾಲಾಗಿ ಕೂತೆವು. ಅತ್ತೆ ಹಂಚಿನಿಂದ ಬಿಸಿ ರೊಟ್ಟಿ ತೆಗೆದು ಅಪ್ಪನ ತಟ್ಟೆಗೆ ಹಾಕಿದಳು. ಅಪ್ಪ ಮುರಿದು, ಪಲ್ಯ ಹಚ್ಚಿ, ಬಾಯಿಗಿಟ್ಟು, ಅಗಿದ.

"ಹೆಂಗೈತಿ?"

"ಉಪ್ಪು ಕಡಿಮಿ ಐತಿ" ಎಂದ ಅಪ್ಪ.

ಅವ್ವ ಬಾಯಿಗೆ ಸೆರಗು ಒತ್ತಿಕೊಂಡಳು. ಅತ್ತೆ ಅವ್ವನ ಕಡೆ ನೋಡಿ, "ನಿನ್ನ ಕೈ ಉಪ್ಪಿಗೆ ಇವನ ನಾಲಿಗಿ ಕೆಡಿಸಿಬಿಟ್ಟೀ ನೋಡು" ಎಂದಳು. ಅಪ್ಪ ಇನ್ನೊಂದು ರೊಟ್ಟಿ ಕೇಳಿದ. ಲಾವಣಿಯ ಮಾತು ಮತ್ತೆ ಯಾವತ್ತೂ ಮನೆಯಲ್ಲಿ ಬರಲಿಲ್ಲ.

ಆಮೇಲಿನ ವರ್ಷಗಳಲ್ಲಿ ಅತ್ತೆ ಕೈ ನಡುಗುವ ತನಕ ಆ ಒಲೆ ಹಚ್ಚಿದಳು. ಪ್ರತಿ ವರ್ಷವೂ ಹೊಲ ಕೊಟ್ಟಿತು ಎಂದಲ್ಲ. ಕೊಡದ ವರ್ಷ ಅಪ್ಪ ಒಂದು ಚೀಲ ಜೋಳವನ್ನು ಕೋಣೆಯ ಬಾಗಿಲಿಗೆ ಒರಗಿಸಿ ಹೋಗುತ್ತಿದ್ದ. ಆಕೆ ಅದನ್ನು ಒಳಗೆ ತೆಗೆದುಕೊಳ್ಳುತ್ತಿದ್ದಳು. ಜಾಲಿ ಬೀಜ ಮಣ್ಣಿನಲ್ಲಿ ಕಾದುಕೊಂಡಿರುತ್ತದೆ. ಪ್ರತಿ ಮುಂಗಾರಿಗೂ ಅಲ್ಲೊಂದು ಇಲ್ಲೊಂದು ಸಸಿ ಏಳುತ್ತಿತ್ತು, ಅತ್ತೆ ಹೊಲ ಸುತ್ತಿ ಕೀಳುತ್ತಿದ್ದಳು. ನಾನು ಊರಿಗೆ ಹೋದಾಗ ಕೀಳುತ್ತಿದ್ದೆ. ಈಗಲೂ ಕೀಳುತ್ತೇನೆ. ಆ ಹೆಂಗಸು ಹೇಳಿದಂತೆ ನೌಕರಿ ಪರ್ಮನೆಂಟ್ ಆಯಿತು.

ಕೆರೆಯಲ್ಲಿ ನಾವು ಅಗೆದ ಜಾಗ ಗುಂಡಿಯಾಗಿ ಉಳಿಯಿತು. ಮಳೆಗಾಲ ಮುಗಿದು ಉಳಿದ ಕೆರೆಯಂಗಳ ಆರಿದ ಮೇಲೂ ಆ ಗುಂಡಿಯಲ್ಲಿ ಕೆಲವು ವಾರ ನೀರು ನಿಲ್ಲುತ್ತಿತ್ತು. ಕುರಿಯವನು ತನ್ನ ಹಿಂಡನ್ನು ಅಲ್ಲಿಗೆ ನೀರಿಗೆ ಹೊಡೆಯುತ್ತಿದ್ದ. ಅದಕ್ಕೆ ಅವನಿಟ್ಟ ಹೆಸರು ಅಕ್ಕನ ಕುಣಿ. ನಾವು ಕುರಿಗಳ ಹಾಸಿಗೆ ಕದ್ದೆವು, ಅವಕ್ಕೆ ಒಂದು ತೊಟ್ಟಿ ಸಿಕ್ಕಿತು. ಇದನ್ನು ಯಾರೂ ಯೋಚಿಸಿ ಮಾಡಿದ್ದಲ್ಲ. ಮುಂದೆ ಇದ್ದಿಲು ಸುಡುವವರು ಬಂದು ಕೆರೆಯ ಜಾಲಿ ಕಡಿದರು, ಅದು ಮತ್ತೆ ಬಂತು. ಟ್ರ್ಯಾಕ್ಟರಿನಲ್ಲಿ ಗೋಡು ಹೊಡೆಯುವವರೂ ಒಂದಿಬ್ಬರು ಬಂದರು. ಅವರು ಜಾಲಿಯ ನೆರಳಿಗೆ ಹೋಗದೆ ನಡುವಿನ ಗಟ್ಟಿ ಮಣ್ಣನ್ನೇ ಅಗೆಯುವುದನ್ನು ನೋಡಿ ಅತ್ತೆ, "ನನ್ನ ನೋಡಿ ಕಲತಾರ" ಎಂದು ಊರಿಗೆಲ್ಲ ಹೇಳಿಕೊಂಡು ಬಂದಳು.

ನಾನು ಈ ನೆಲದ ಬಗ್ಗೆ ಯೋಚಿಸುವಾಗ ದುಃಖಪಡಬೇಕು ಎಂದು ಕೆಲವರು ನಿರೀಕ್ಷಿಸುತ್ತಾರೆ. ದುಃಖಕ್ಕೆ ಕಾರಣಗಳೇನೂ ಕಡಿಮೆ ಇಲ್ಲ. ಹುಲ್ಲುಗಾವಲು ಹೋಯಿತು, ಮಳೆ ಮೊದಲಿನ ಹಾಗಿಲ್ಲ, ಕೆರೆ ಕೆರೆಯಲ್ಲ. ಆದರೆ ನನಗೆ ಮೊದಲು ನೆನಪಾಗುವುದು ಹಸಿ ಮಣ್ಣಿನಲ್ಲಿ ಸಾಲಾಗಿ ಕೂತ ಬೆನ್ನುಗಳು, ಅವ್ವನ ಉಪ್ಪಿನ ಮಾತು, ಬೇವಿನ ಕೆಳಗಿನ ಎರಡು ಕೊಡ. ಆ ಜನಕ್ಕೆ ನಾನು ಏನೂ ತೀರಿಸಲಿಲ್ಲ, ತೀರಿಸಲಿ ಎಂದು ಅವರೂ ಬಂದಿರಲಿಲ್ಲ. ಅವರೆಲ್ಲರ ಮುಖ ನನಗೆ ಗೊತ್ತು. ಇನ್ನೂ ಇರುವವರನ್ನು ಕಂಡಾಗ ನಿಂತು ಮಾತಾಡಿಸುತ್ತೇನೆ.

ಎತ್ತಿನದೊಂದು ಮಾತ್ರ ಹಾಗೇ ಉಳಿದಿದೆ. ಅಣ್ಣ ಹೇಳುವುದು ನಿಜವಾದರೆ, ಆ ಬಿಸಿಲಿನಲ್ಲಿ, ಮೇವೇ ಇಲ್ಲದ ಕಾಲದಲ್ಲಿ, ಊರಲ್ಲಿ ಉಳಿದಿದ್ದ ನಾಲ್ಕೈದು ಜೊತೆಗಳಲ್ಲಿ ಒಂದನ್ನು ಯಾರೋ ಬೇಸಿಗೆಯ ಉದ್ದಕ್ಕೂ ನಮ್ಮ ಕೈಗೆ ಬಿಟ್ಟಿದ್ದರು. ಅವ್ವನನ್ನು ಕೇಳಿದೆ. "ಯಾರೋ ಕೊಟ್ಟಿದ್ರಪ್ಪ, ಆಗೆಲ್ಲ ಕೊಡ್ತಿದ್ರು" ಎಂದಳು. ಕುರಿಯವನಿಗೆ ಕುರಿ ನೆನಪಿವೆ, ಎತ್ತು ನೆನಪಿಲ್ಲ. ಅತ್ತೆಯನ್ನು ಕೊನೆಯ ವರ್ಷಗಳಲ್ಲಿ ಒಮ್ಮೆ ಕೇಳಿದಾಗ ನನ್ನನ್ನೇ ನೋಡಿ ನಕ್ಕಳು. "ಎತ್ತಿಲ್ದ ಬಂಡಿ ಹೆಂಗ ಬಂತೋ ಅಳ್ಯಾ? ಎತ್ತು ಇದ್ವು." ಯಾರವು ಎಂದು ಮತ್ತೆ ಕೇಳಿದೆ. ಆಕೆ ಅಷ್ಟರಲ್ಲಿ ಒಲೆಗೆ ಕಟ್ಟಿಗೆ ಸರಿಸುತ್ತಿದ್ದಳು, ಕೇಳಿಸಿತೋ ಇಲ್ಲವೋ.

ಆ ಎತ್ತು ಯಾರವು, ಅವುಗಳನ್ನು ನಮಗೆ ಯಾಕೆ ಕೊಟ್ಟರು ಎಂಬುದು ನನಗೆ ಗೊತ್ತಿಲ್ಲ.